ಹದಿನಾಲ್ಕು ಸಾವಿರ ಅಡಿಯಲ್ಲಿ ಕೇಳಿದ ಸೀಟಿ

ಒಂದೂಮುಕ್ಕಾಲು ಗಂಟೆ ಇರಲಾರದು, ಎರಡು ಗಂಟೆ ದಾಟಿತ್ತೇನೋ. ಸೀಟಿ ಕೇಳಿಸಿದ ಸಮಯವನ್ನು ಇದುವರೆಗೆ ಮೂರು ಕಡೆ ಬರೆದಿಟ್ಟಿದ್ದೇನೆ, ಮೂರು ಕಡೆಯೂ ಬೇರೆ ಬೇರೆ ಸಮಯವಿದೆ. ಮೊದಲನೆಯದನ್ನು ಅದೇ ದಿನ ಸಂಜೆ ಟೆಂಟಿನೊಳಗೆ ಕುಳಿತು ಬರೆದದ್ದರಿಂದ ಅದೇ ಸರಿ ಎನ್ನಬಹುದು. ಆದರೆ ಆ ಸಂಜೆ ನನ್ನ ಬೆರಳುಗಳು ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಆ ಪುಟದಲ್ಲಿ ನನ್ನ ಹೆಸರನ್ನೇ ನಾನು ತಪ್ಪಾಗಿ ಬರೆದಿದ್ದೇನೆ. ತನ್ನ ಹೆಸರು ಬರೆಯಲಾರದವನು ಬರೆದ ಗಂಟೆಯನ್ನು ಎಷ್ಟು ನಂಬಬೇಕು?

ಇಂಥ ಅನುಮಾನ ಪಡುವುದೇ ನನ್ನ ಉದ್ಯೋಗವಾಗಿತ್ತು. ಭದ್ರಾವತಿಯ ಹೊರವಲಯದ ಒಂದು ಖಾಸಗಿ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಇಪ್ಪತ್ತಾರು ವರ್ಷ ಸೇಫ್ಟಿ ಆಫೀಸರ್ ಆಗಿದ್ದೆ. ಶಿವಮೊಗ್ಗದ ಸವಳಂಗ ರಸ್ತೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವಘಡ ಆಗದಂತೆ ನೋಡಿಕೊಳ್ಳುವುದು, ಆದಾಗ ವಿಚಾರಣೆ ನಡೆಸಿ ವರದಿ ಬರೆಯುವುದು ನನ್ನ ಕೆಲಸ. ಕೂದಲೆಳೆಯಲ್ಲಿ ತಪ್ಪಿದ ಅವಘಡಕ್ಕೂ ಒಂದು ಫಾರ್ಮ್ ಇತ್ತು, ಅದನ್ನು ‘ನಿಯರ್ ಮಿಸ್’ ಎನ್ನುತ್ತಿದ್ದೆವು. ಒಂದೇ ಘಟನೆಯನ್ನು ನಾಲ್ಕು ಜನ ನಾಲ್ಕು ರೀತಿ ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೆನಪು ಎಂಬುದು ಆದದ್ದನ್ನು ಇಟ್ಟುಕೊಳ್ಳುವುದಿಲ್ಲ, ಆಗಬೇಕಿತ್ತು ಎಂದು ನಮಗೆ ಅನ್ನಿಸಿದ್ದನ್ನು ಇಟ್ಟುಕೊಳ್ಳುತ್ತದೆ. ಆದ್ದರಿಂದ ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಬಾರದು, ಒಬ್ಬೊಬ್ಬರನ್ನೇ ಕರೆದು ಕೇಳಬೇಕು.

ಆ ಒಂದು ಪ್ರಕರಣದಲ್ಲಿ ಮಾತ್ರ ಸಾಕ್ಷಿಯೂ ನಾನೇ, ತಪ್ಪು ಮಾಡಿದವನೂ ನಾನೇ, ವಿಚಾರಣೆ ಮಾಡಿದವನೂ ನಾನೇ. ಕೊರೊನಾ ಕಾಲ ಮುಗಿದ ಮೇಲೆ, ನನ್ನ ಸೇವೆಯ ಕೊನೆಯ ವರ್ಷ, ಸೆಪ್ಟೆಂಬರ್ ತಿಂಗಳಲ್ಲಿ ಅದು ನಡೆಯಿತು. ನಡೆದದ್ದು ಕಾರ್ಖಾನೆಯಲ್ಲಲ್ಲ, ಹಿಮಾಚಲದ ಒಂದು ಪರ್ವತದ ಮೇಲೆ. ಆದರೂ ಅದು ನಮ್ಮ ಕಾರ್ಖಾನೆಯದೇ ಅವಘಡ. ಏಕೆಂದರೆ ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ.

ಅದು ಅರ್ಥವಾಗಬೇಕಾದರೆ ಮೊದಲು ಸೀಟಿಯ ವಿಷಯ ಹೇಳಬೇಕು. ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟಿಗೆ ಲ್ಯಾಡಲ್ ಎನ್ನುತ್ತಾರೆ. ಅದು ಕ್ರೇನಿಗೆ ತೂಗುಬಿದ್ದು ಕುಲುಮೆಯಿಂದ ಅಚ್ಚುಗಳ ಕಡೆಗೆ ಸಾಗುವಾಗ, ಕೆಳಗೆ ದಾರಿಯ ನಡುವೆ ಒಬ್ಬ ನಿಂತಿರುತ್ತಾನೆ, ಅವನ ಕೊರಳಲ್ಲಿ ಸೀಟಿ. ಅವನು ಉದ್ದಕ್ಕೆ ಒಮ್ಮೆ ಊದಿದರೆ ಶೆಡ್ಡಿನಲ್ಲಿರುವವರೆಲ್ಲ ಇದ್ದಲ್ಲೇ ನಿಲ್ಲಬೇಕು. ಎತ್ತಿದ ಕಾಲನ್ನು ಮುಂದೆ ಊರಬಾರದು. ಇದು ನಿಯಮ ಪುಸ್ತಕದಲ್ಲಿತ್ತು. ಪುಸ್ತಕದಲ್ಲಿಲ್ಲದ ಇನ್ನೊಂದು ನಿಯಮವೂ ಇತ್ತು. ಅದನ್ನು ನನಗಿಂತ ಮೊದಲೇ ಕೆಲಸಗಾರರು ತಾವಾಗಿಯೇ ಮಾಡಿಕೊಂಡಿದ್ದರು: ಸೀಟಿ ಒಬ್ಬನ ಕೊರಳಿನಿಂದ ಇನ್ನೊಬ್ಬನ ಕೊರಳಿಗೆ ಹೋಗುವ ತನಕ ಮೊದಲಿನವನು ಜಾಗ ಬಿಡುವಂತಿಲ್ಲ. ಪಾಳಿ ಮುಗಿದ ಸೈರನ್ ಆಗಲಿ, ಮ್ಯಾನೇಜರೇ ಬಂದು ಹೋಗು ಎನ್ನಲಿ, ಮುಂದಿನವನು ಬಂದು ಸೀಟಿಯ ದಾರಕ್ಕೆ ಕೈ ಹಾಕಬೇಕು. ಆಮೇಲೆಯೇ ಬಿಡುಗಡೆ.

ಸೆಲ್ವರಾಜ್ ಈ ನಿಯಮಕ್ಕೆ ಹೆಸರಾದವನು. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳು ಮನೆಯವನು. ಹನ್ನೊಂದು ವರ್ಷ ಸೀಟಿ ಹಿಡಿದು ನಿಂತು, ಆಮೇಲೆ ಕ್ರೇನ್ ಆಪರೇಟರ್ ಆದ. ಸ್ವಂತ ತಂಗಿಯ ನಿಶ್ಚಿತಾರ್ಥದ ದಿನ ಮುಂದಿನ ಪಾಳಿಯವನು ಎರಡೂವರೆ ಗಂಟೆ ತಡವಾಗಿ ಬಂದ, ಇವನು ಅಲ್ಲಾಡಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ಎಲೆ ಎತ್ತಿದ್ದರು. ಕ್ಯಾಂಟೀನಿನಲ್ಲಿ ಯಾರಾದರೂ ಕೆಣಕಿದರೆ, “ಸಾಂಬಾರ್ ಮಿಕ್ಕಿತ್ತಲ್ಲಪ್ಪ, ಸಾಕು” ಎಂದು ನಗುತ್ತಿದ್ದ.

ಪರ್ವತಕ್ಕೆ ಹೋಗೋಣ ಎಂದು ಹೊರಡಿಸಿದ್ದು ರಹಮತ್. ಅವನು ನಮ್ಮ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಮೀಟರು, ಗೇಜುಗಳನ್ನು ರಿಪೇರಿ ಮಾಡುವವನು. ಅವನ ಅಣ್ಣನಿಗೆ ಗಾಂಧಿ ಬಜಾರಿನಲ್ಲಿ ಟಾರ್ಪಾಲಿನ ಅಂಗಡಿ. ನಾಲ್ಕನೆಯವರು ಗಿರಿಜಾ, ಕಾರ್ಖಾನೆಯ ಡಿಸ್ಪೆನ್ಸರಿಯ ಸ್ಟಾಫ್ ನರ್ಸ್. ನಾಲ್ವರೂ ಐವತ್ತು ದಾಟಿದವರು. ಪ್ರತಿ ಭಾನುವಾರ ಒಂದೊಂದು ಗುಡ್ಡ ಹತ್ತುವ ಅಭ್ಯಾಸವಿತ್ತು. ಆ ಬೇಸಿಗೆಯಲ್ಲಿ ಬೆನ್ನ ಮೇಲಿನ ಚೀಲಕ್ಕೆ ಹನ್ನೆರಡು ಕಿಲೋ ಅಚ್ಚಿನ ಮರಳು ತುಂಬಿಕೊಂಡು ನಡೆದೆವು. ಸವಳಂಗ ರಸ್ತೆಯಲ್ಲಿ ಬೆಳಗಿನ ವಾಕಿಂಗಿನವರು ನಮ್ಮನ್ನು ನೋಡಿ, “ಎಲ್ಲಿಗೆ ಸಾರ್, ಮರಳು ಸಾಗಾಣಿಕೆ?” ಎಂದು ಕೇಳುತ್ತಿದ್ದರು.

ಗೈಡ್ ಬೇಕೋ ಬೇಡವೋ ಎಂಬುದು ಕ್ಯಾಂಟೀನಿನಲ್ಲಿ ತೀರ್ಮಾನವಾಯಿತು.

“ಗೈಡ್ ಯಾಕೆ ಸಾಬ್?” ಎಂದ ರಹಮತ್. “ಮೊಬೈಲ್‌ಗೆ ಪೂರಾ ನಕ್ಷೆ ಇಳಿಸ್ಕೊಂಡಿದೀನಿ. ನೆಟ್‌ವರ್ಕ್ ಇಲ್ದಿದ್ರೂ ನಡೀತದೆ.”

“ನಕ್ಷೆ ನಡೀತದೆ ಸರಿ, ನೀವು ನಡೀತೀರಾ?” ಎಂದರು ಗಿರಿಜಾ. “ಡಿಸ್ಪೆನ್ಸರಿ ಮೆಟ್ಟಿಲು ಹತ್ತೋಷ್ಟ್ರಲ್ಲಿ ರೇಡಿಯೇಟರ್ ಕುದ್ದಂಗೆ ಉಸಿರು ಬಿಡ್ತೀರಿ ಮಾರಾಯ್ರೆ.”

“ಸಿಸ್ಟರ್, ಅವ್ನ ನಾನು ಕ್ರೇನ್‌ಗೆ ಹಾಕ್ಕೊಂಡು ಎತ್ತೀನಿ ಬಿಡಿ” ಎಂದ ಸೆಲ್ವರಾಜ್.

ಎಲ್ಲರೂ ನನ್ನ ಮುಖ ನೋಡಿದರು. ಸೇಫ್ಟಿ ಆಫೀಸರ್ ನಾನು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಕಾರಣ ಏನು ಎಂದು ಆಮೇಲೆ ಫಾರ್ಮಿನಲ್ಲಿ ಬರೆಯಬೇಕಾದಾಗ ಬಹಳ ಹೊತ್ತು ಕುಳಿತಿದ್ದೆ. ಕೊನೆಗೆ ‘ಅತಿಯಾದ ಆತ್ಮವಿಶ್ವಾಸ’ ಎಂದು ಬರೆದೆ. ಬೇರೆಯವರ ಬಗ್ಗೆ ಆ ಮಾತನ್ನು ಎಷ್ಟೋ ಸಲ ಬರೆದಿದ್ದೆ, ಅದು ಎಷ್ಟು ಪೊಳ್ಳು ಮಾತು ಎಂದು ಅವತ್ತೇ ತಿಳಿದದ್ದು.

ನಾವು ಹೋದ ಕಣಿವೆಯ ಹೆಸರು ಹೇಳುವುದಿಲ್ಲ. ಇದನ್ನು ಓದಿ ಯಾರಾದರೂ ನಕ್ಷೆ ಇಳಿಸಿಕೊಂಡು ಹೊರಡುವುದು ಬೇಡ. ಎರಡು ಕಣಿವೆಗಳ ನಡುವೆ ಪರ್ವತಸಾಲನ್ನು ದಾಟುವ ತಗ್ಗಾದ ಜಾಗಕ್ಕೆ ‘ಪಾಸ್’ ಎನ್ನುತ್ತಾರೆ. ನಮ್ಮ ಪಾಸ್ ಇದ್ದದ್ದು 4,300 ಮೀಟರ್, ಅಂದರೆ ಹದಿನಾಲ್ಕು ಸಾವಿರ ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿ. ಕೊನೆಯ ಹಳ್ಳಿಯಲ್ಲಿ ಸೇಬಿನ ಕೊಯ್ಲು ನಡೆದಿತ್ತು. ಗೈಡ್ ಬೇಕೆಂದರೂ ಸಿಗುತ್ತಿರಲಿಲ್ಲ, ಗಂಡಸರೆಲ್ಲ ತೋಟದಲ್ಲಿದ್ದರು. ಚಹಾದಂಗಡಿಯ ಹೆಂಗಸು ಹೇಳಿದ್ದನ್ನು ರಹಮತ್ ನಮಗೆ ಕನ್ನಡದಲ್ಲಿ ಹೇಳಿದ: “ಹನ್ನೆರಡರ ಮೇಲೆ ಮೇಲ್ಗಡೆ ಇರಬ್ಯಾಡಿ ಅಂತಾಳೆ. ಅಲ್ಲಿ ಮೋಡ ಯಾರನ್ನೂ ಕೇಳಿ ಬರಲ್ವಂತೆ.”

ಮೂರು ದಿನ ಆಕಾಶ ಸ್ವಚ್ಛವಾಗಿತ್ತು. ಮೂರನೆಯ ಬಿಡಾರ 3,800 ಮೀಟರಿನಲ್ಲಿ. ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ಹೊರಡುವ ಮುನ್ನ ಗಿರಿಜಾ ನಾಲ್ವರ ಬೆರಳಿಗೂ ಆಕ್ಸಿಮೀಟರ್ ಹಾಕಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡಿದರು. ರಹಮತನದು 79, ಉಳಿದವರದು 85ರ ಮೇಲೆ. “ತಲೆ ನೋವಿದ್ಯಾ?” ಎಂದು ಕೇಳಿದರು. ಅವನು ಇಲ್ಲ ಎಂದ. ಇತ್ತು. ಆ ಹೊತ್ತಿಗೆ ಎದುರಿನ ಶಿಖರದ ತುದಿಗೆ ಮೊದಲ ಬೆಳಕು ತಾಗಿತು. ಕಬ್ಬಿಣ ಕಾಯುವಾಗ ಮೊದಲು ಕಾಣುವ ಮಂದ ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಕಣ್ಣು ಕುಕ್ಕುವ ಬಿಳಿ: ಜೀವಮಾನವೆಲ್ಲ ಕುಲುಮೆಯಲ್ಲಿ ನೋಡಿದ ಅದೇ ಬಣ್ಣಗಳು, ಅದೇ ಕ್ರಮದಲ್ಲಿ, ಒಂದಿಷ್ಟೂ ಸದ್ದಿಲ್ಲದೆ ಆ ಹಿಮದ ಮೇಲೆ ಬಂದವು. ಸೆಲ್ವರಾಜ್ ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಹತ್ತುವಾಗ ರಹಮತ್ ಹಿಂದೆ ಬಿದ್ದ. “ನೀವು ನಡೀರಿ, ನಾನು ಮೆಲ್ಲಗೆ ಬರ್ತೀನಿ” ಎಂದ. ನಾವು ನಡೆದೆವು. ಗುಂಪು ಒಡೆಯಬಾರದು ಎಂಬುದು ಮೊದಲ ಪಾಠ. ಅದನ್ನು ಹೊಸ ಕೆಲಸಗಾರರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದವನು ನಾನು. ನಕ್ಷೆಯಿದ್ದ ಮೊಬೈಲೂ ಅವನ ಜೇಬಿನಲ್ಲೇ ಉಳಿಯಿತು.

ನಾನು, ಗಿರಿಜಾ, ಸೆಲ್ವರಾಜ್ ಪಾಸಿನ ತುದಿ ತಲುಪಿದಾಗ ಹನ್ನೊಂದು ಹತ್ತು. ಇದು ಖಚಿತ, ಗಿರಿಜಾ ಅಲ್ಲಿ ತೆಗೆದ ಫೋಟೋದಲ್ಲಿ ಸಮಯವಿದೆ. ತುದಿಯೆಂದರೆ ಕಲ್ಲು ಹರಡಿದ, ಹೆಚ್ಚುಕಡಿಮೆ ಸಮತಟ್ಟಾದ ಬಯಲು. ನಡುವೆ ದಾರಿಹೋಕರು ಒಂದರ ಮೇಲೊಂದು ಇಟ್ಟ ಕಲ್ಲುಗಳ ಗುಪ್ಪೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಆಚೆ ಬದಿಗೆ ಇಳಿಯುವ ದಾರಿ. ತಿರುಗದೆ ನೇರ ಹೋದರೆ ನೂರು ಹೆಜ್ಜೆಯಲ್ಲಿ ನೆಲ ಮುಗಿಯುತ್ತದೆ. ಅಂಚಿನಾಚೆ ಹಿಮ ಕಿಟಕಿಯ ಮೇಲಿನ ಸಜ್ಜದ ಹಾಗೆ ಗಾಳಿಯಲ್ಲಿ ಚಾಚಿಕೊಂಡಿತ್ತು, ಅದರ ಕೆಳಗೆ ಏನೂ ಇರಲಿಲ್ಲ. “ಆ ಕಡೆ ಯಾರೂ ಹೋಗಬೇಡಿ” ಎಂದು ಬೆರಳು ತೋರಿಸಿ ಹೇಳಿದವನು ನಾನೇ. ಈ ಮಾತಿಗೆ ಇಬ್ಬರು ಸಾಕ್ಷಿಗಳಿದ್ದಾರೆ.

ರಹಮತ್ ಬರಲಿಲ್ಲ. ಬಂದ ಕಡೆಯಿಂದ ಮೋಡ ಏರುವುದು ಕಾಣಿಸಿತು. ಗಿರಿಜಾ ಕೆಳಗೆ ಹೋಗಿ ನೋಡಲೇಬೇಕು ಎಂದರು. ಅವರೊಬ್ಬರನ್ನೇ ಕಳಿಸುವಂತಿರಲಿಲ್ಲ. ಮೋಡ ಮುಚ್ಚಿದರೆ ಮರಳಿ ಗುಪ್ಪೆಯನ್ನು ಗುರುತಿಸುವುದು ಕಷ್ಟವಾದ್ದರಿಂದ ಸೆಲ್ವರಾಜನನ್ನು ಅಲ್ಲೇ ನಿಲ್ಲಿಸಿ, ನನ್ನ ಕೊರಳಲ್ಲಿದ್ದ ಸೀಟಿ ತೆಗೆದು ಅವನ ಕೊರಳಿಗೆ ಹಾಕಿದೆ. ಕಾರ್ಖಾನೆಯದೇ ಸೀಟಿ. ಚಾರಣದಲ್ಲಿ ಸೀಟಿ ಇರಬೇಕು ಎಂದು ತಂದಿದ್ದೆ.

“ನಾವು ಬರೋ ತನಕ ಇಲ್ಲೇ ಇರು ಸೆಲ್ವ. ಆಗಾಗ ಊದ್ತಾ ಇರು.”

“ಆಯ್ತು ಸಾರ್.”

“ಒಂದು ಗಂಟೆ ನೋಡು. ಬರ್ಲಿಲ್ಲ ಅಂದ್ರೆ ಇಳಿದು ಬಂದುಬಿಡು.”

ಈ ಕೊನೆಯ ಮಾತನ್ನು ನಾನು ಹೇಳಿದೆನೇ? ಹೇಳಿದ್ದೇನೆ ಎಂದು ನನ್ನ ನೆನಪು. ನಾನು ಹೇಳುವಾಗ ಅವನ ಜರ್ಕಿನ್ನಿನ ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿದ್ದು ಕೂಡ ಕಣ್ಣಿಗೆ ಕಟ್ಟಿದೆ. ಹೇಳಲಿಲ್ಲ ಎನ್ನುತ್ತಾನೆ ಸೆಲ್ವರಾಜ್. ಗಿರಿಜಾ ಆಗಲೇ ಇಳಿಯತೊಡಗಿದ್ದರು, ಅವರಿಗೆ ಕೇಳಿಸಿಲ್ಲ. ಹೇಳಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ ಎಂಬುದು ಬೇರೆ ಮಾತು. ನಾನು ಏನೇ ಹೇಳಿರಲಿ, ಅವನ ಕೊರಳಿಗೆ ಸೀಟಿ ಹಾಕಿದ್ದೆ.

ಇಪ್ಪತ್ತೈದು ನಿಮಿಷ ಇಳಿದ ಮೇಲೆ ರಹಮತ್ ಸಿಕ್ಕಿದ, ಒಂದು ಬಂಡೆಗೆ ಒರಗಿ ಕುಳಿತಿದ್ದ. ಮೋಡ ಆಗಲೇ ನಮ್ಮನ್ನು ಮುಚ್ಚಿ, ಸಣ್ಣಗೆ ಹಿಮ ಉದುರುತ್ತಿತ್ತು. ಗಿರಿಜಾ ಅವನನ್ನು ಎಬ್ಬಿಸಿ, ಒಂದು ಗೆರೆಯ ಮೇಲೆ ನಡೆಯುವ ಹಾಗೆ ಪಾದದ ಮುಂದೆ ಪಾದ ಇಟ್ಟು ನಡೆಯಲು ಹೇಳಿದರು. ಎರಡನೆಯ ಹೆಜ್ಜೆಗೇ ಅವನು ಪಕ್ಕಕ್ಕೆ ವಾಲಿದ. ಎತ್ತರದ ಕಾಯಿಲೆ ಮಿದುಳಿಗೆ ತಾಗಲು ಶುರುವಾಗಿದೆಯೇ ಎಂದು ನೋಡುವ ಪರೀಕ್ಷೆ ಅದು. ಮದ್ದು ಒಂದೇ, ತಕ್ಷಣ ಕೆಳಗಿಳಿಸುವುದು.

“ಇವ್ರನ್ನ ಇನ್ನು ಒಂದು ಅಡಿ ಮೇಲೆ ಹತ್ತಿಸೋ ಹಂಗಿಲ್ಲ” ಎಂದರು ಗಿರಿಜಾ. “ಬಂದ ದಾರೀಲೇ ಇಳಿಬೇಕು. ಈಗ್ಲೇ.”

“ಸೆಲ್ವ ಮೇಲಿದ್ದಾನಲ್ಲ?”

“ನಾವು ಬರದಿದ್ರೆ ಅವ್ನೇ ಇಳಿದು ಬರ್ತಾನೆ. ಬರಲ್ವಾ?”

ಆ ಕ್ಷಣದಲ್ಲಿ ನನಗೆ ಅರ್ಥವಾಯಿತು, ಗಿರಿಜಾ ಅವರಿಗೂ ನನ್ನ ಮುಖ ನೋಡಿ ಅರ್ಥವಾಯಿತು. “ಸೀಟಿ ಕೊಟ್ರಾ ಅವ್ನಿಗೆ?” ಎಂದರು. ಹೌದು ಎಂದೆ. “ಅಯ್ಯೋ, ನಿಮ್ಮ!” ಎಂದವರು ಮುಂದಿನ ಮಾತು ನುಂಗಿಕೊಂಡರು.

ಅವನು ಬರುವುದಿಲ್ಲ. ಹಿಮ ಬೀಳಲಿ, ಸಂಜೆಯಾಗಲಿ, ಯಾರಾದರೂ ಹೋಗಿ ಆ ದಾರಕ್ಕೆ ಕೈ ಹಾಕುವ ತನಕ ಅವನು ಆ ಕಲ್ಲುಗುಪ್ಪೆಯ ಪಕ್ಕ ನಿಂತೇ ಇರುತ್ತಾನೆ. ಟೆಂಟು, ಒಲೆ, ಟಾರ್ಪಾಲು ಎಲ್ಲ ನಮ್ಮ ಕಡೆಯೇ ಇದ್ದವು. ಅವನ ಚೀಲದಲ್ಲಿದ್ದದ್ದು ಬಟ್ಟೆ, ಸ್ಲೀಪಿಂಗ್ ಬ್ಯಾಗು ಮತ್ತು ಅರ್ಧ ಕಿಲೋ ಖಾರದ ಮಂಡಕ್ಕಿ.

ರಹಮತ್ ಅರೆ ಎಚ್ಚರದಲ್ಲೇ ನನ್ನ ಕೈ ಹಿಡಿದ. “ಸಾಬ್, ನನ್ನ ಬಿಡಿ. ಅವ್ನು ಪಾಗಲ್ ಇದಾನೆ, ಅಲ್ಲೇ ಸಾಯ್ತಾನೆ. ನೀವು ಹೋಗಿ.”

ಅವನ ಮೊಬೈಲ್ ತೆಗೆದು ನೋಡಿದೆ. ಚಳಿಗೆ ಬ್ಯಾಟರಿ ಸತ್ತಿತ್ತು. ಗಿರಿಜಾ ರಹಮತನನ್ನು ಬೆಳಿಗ್ಗೆ ಬರುವಾಗ ಕಂಡಿದ್ದ ಮಾಡಿನಂಥ ಒಂದು ಚಾಚುಬಂಡೆಯ ತನಕ ಇಳಿಸುವುದು, ಟಾರ್ಪಾಲು ಕಟ್ಟಿ ಕಾಯುವುದು, ನಾನು ಮೇಲೆ ಹೋಗುವುದು ಎಂದಾಯಿತು. ಇನ್ನೊಮ್ಮೆ ಗುಂಪು ಒಡೆದೆ. ಆದರೆ ಈ ಸಲ ಬೇರೆ ದಾರಿಯಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ.

ಆಮೇಲಿನದನ್ನು ಬರೆಯುವಾಗ ನನ್ನನ್ನು ನಾನು ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ. ಇಪ್ಪತ್ತೈದು ನಿಮಿಷದ ಏರು ಒಂದು ಗಂಟೆ ದಾಟಿತು. ಹಾಗೆ ಬರೆದಿದ್ದೇನೆ, ಗಡಿಯಾರ ನೋಡಿದ ನೆನಪಿಲ್ಲ. ಕಣ್ಣ ಮುಂದೆ ಮೂರು ಹೆಜ್ಜೆ ಕಾಣುತ್ತಿತ್ತು, ಅದರಾಚೆ ಬಿಳಿ. ನೆಲವೂ ಬಿಳಿ, ಗಾಳಿಯೂ ಬಿಳಿ. ನಿಂತಲ್ಲೇ ಹತ್ತು ಉಸಿರು, ಮತ್ತೆ ಆರು ಹೆಜ್ಜೆ. ಕೂಗಿದರೆ ಧ್ವನಿ ಬಾಯಿಯ ಹತ್ತಿರವೇ ಉಳಿಯುತ್ತಿತ್ತು. ಮೇಲಿನಿಂದ ಸೀಟಿ ಕೇಳುತ್ತದೆಯೇ ಎಂದು ಕಿವಿಯ ಮೇಲಿನ ಉಣ್ಣೆ ಸರಿಸಿ ಆಲಿಸಿದೆ. ಗಾಳಿ ಬಿಟ್ಟರೆ ಏನೂ ಇಲ್ಲ. ಆಗಾಗ ಊದು ಎಂದಿದ್ದೆ. ಹಾಗೆ ಹೇಳಿದ್ದನ್ನು ಅವನೂ ಒಪ್ಪುತ್ತಾನೆ. ಊದುತ್ತಿಲ್ಲವೆಂದರೆ ಏನಾಗಿದೆ?

ಏರು ಮುಗಿದು ಕಾಲ ಕೆಳಗೆ ನೆಲ ಸಮವಾಯಿತು. ತುದಿಗೆ ಬಂದೆ ಎಂದುಕೊಂಡೆ. ಗುಪ್ಪೆ ಇನ್ನು ಇಪ್ಪತ್ತು ಹೆಜ್ಜೆಯಲ್ಲಿ ಇರಬೇಕು. ಇಪ್ಪತ್ತು ಎಣಿಸಿದೆ, ಸಿಗಲಿಲ್ಲ. ಮೂವತ್ತು ಎಣಿಸಿದೆ. ಸೆಲ್ವ, ಸೆಲ್ವ ಎಂದು ಕೂಗುತ್ತಾ ನಡೆದೆ. ಎಷ್ಟು ನಡೆದೆನೋ.

ಆಗ ಸೀಟಿ ಕೇಳಿಸಿತು. ಉದ್ದಕ್ಕೆ, ಒಂದೇ ಸಲ.

ನಾನು ನಿಂತೆ. ಸೀಟಿ ಎಲ್ಲಿಂದ ಬಂತು, ಯಾಕೆ ಬಂತು ಎಂದು ಯೋಚಿಸಿ ನಿಂತದ್ದಲ್ಲ. ಇಪ್ಪತ್ತಾರು ವರ್ಷ ಶೆಡ್ಡಿನೊಳಗೆ ಓಡಾಡಿದ ಕಾಲುಗಳು ತಾವೇ ನಿಂತವು. ಬಲಗಾಲು ಎತ್ತಿತ್ತು. ಅದನ್ನು ಮುಂದೆ ಊರಲಿಲ್ಲ, ಹಿಂದಕ್ಕೆ ತಂದು ಎಡಗಾಲ ಪಕ್ಕ ಇಟ್ಟೆ. ಈ ವಿವರ ಎಷ್ಟು ಸ್ಪಷ್ಟವಾಗಿ ನೆನಪಿದೆಯೆಂದರೆ, ಆ ಕಾರಣಕ್ಕೇ ಅದರ ಮೇಲೆ ನನಗೆ ಗುಮಾನಿ. ಎಲ್ಲ ಅವಘಡಗಳಲ್ಲೂ ಸಾಕ್ಷಿಗಳು ಇಂಥದೊಂದು ವಿವರ ಹೇಳುತ್ತಾರೆ.

ಹಾಗೆಯೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಮೋಡ ಹರಿಯಿತು.

ಕುಲುಮೆಯ ಬಾಗಿಲು ತೆಗೆದಾಗ ಬೆಳಕು ಬಂದು ಎದೆಗೆ ತಾಗುತ್ತದೆ. ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದೇ ಆಯಿತು, ಆದರೆ ತಣ್ಣಗಿನ ಬೆಳಕು. ಎದುರಿಗೆ ಪರ್ವತ ನಿಂತಿತ್ತು. ಬೆಳಿಗ್ಗೆಯೂ ಅದನ್ನೇ ನೋಡಿದ್ದೆ ಎಂದು ನಂಬುವುದು ಕಷ್ಟ. ಬೆಳಿಗ್ಗೆ ಅದು ದೂರದಲ್ಲಿತ್ತು, ಈಗ ನನ್ನ ಮತ್ತು ಅದರ ನಡುವೆ ಏನೂ ಇರಲಿಲ್ಲ. ತಲೆಯೆತ್ತಿ ನೋಡಿದೆ, ತುದಿ ಇನ್ನೂ ಮೇಲಿತ್ತು, ಕತ್ತು ಇನ್ನೂ ಹಿಂದಕ್ಕೆ ಬಾಗಿಸಬೇಕಾಯಿತು. ಅದರ ಮೈಯಿಂದ ಹಿಮ ಕಳಚಿ ಜಾರುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಸದ್ದು ಬಂತು, ದೊಡ್ಡ ಗೋದಾಮಿನ ಬಾಗಿಲು ಎಳೆದ ಹಾಗೆ. ನನಗೆ ಭಯವಾಗಲಿಲ್ಲ. ಅದಕ್ಕೆ ನನ್ನ ಸುದ್ದಿಯೇ ಬೇಕಿರಲಿಲ್ಲ. ಸೆಲ್ವನದಾಗಲಿ, ರಹಮತನದಾಗಲಿ ಬೇಕಿರಲಿಲ್ಲ. ಜೀವನದಲ್ಲಿ ಅಷ್ಟು ದೊಡ್ಡದಾದ, ಅಷ್ಟು ನಿರ್ಲಿಪ್ತವಾದ ಇನ್ನೊಂದನ್ನು ನಾನು ಕಂಡಿಲ್ಲ. ಯಾಕೋ ಕಣ್ಣಲ್ಲಿ ನೀರು ಬಂತು.

ಆಮೇಲೆ ಕೆಳಗೆ ನೋಡಿದೆ. ನನ್ನ ಬೂಟಿನ ಮುಂದೆ ಎರಡಡಿ ಹಿಮ. ಅದರಾಚೆ ಕಣಿವೆ.

ಬೆಳಿಗ್ಗೆ ಬೆರಳು ತೋರಿಸಿ ಯಾರೂ ಹೋಗಬೇಡಿ ಎಂದಿದ್ದ ಅಂಚು ಅದು.

ಉಸಿರು ಬಿಗಿಹಿಡಿದು, ನನ್ನ ಹೆಜ್ಜೆ ಗುರುತಿನ ಮೇಲೇ ಹಿಂದಡಿ ಇಡುತ್ತಾ ಬಂದು ತಿರುಗಿದೆ. ನೂರು ಹೆಜ್ಜೆ ದೂರದಲ್ಲಿ ಕಲ್ಲಿನ ಗುಪ್ಪೆ. ಅದರ ಪಕ್ಕ ಸೆಲ್ವರಾಜ್, ನೆಟ್ಟಗೆ, ಬಲಗೈ ಮೇಲೆತ್ತಿ, ಅಂಗೈ ನನ್ನ ಕಡೆ ಮಾಡಿ ನಿಂತಿದ್ದ. ಕ್ರೇನಿಗೆ ನಿಲ್ಲು ಎಂದು ಹೇಳುವ ಸನ್ನೆ ಅದು. ಟೋಪಿ, ಭುಜ, ರೆಪ್ಪೆಯ ಮೇಲೆಲ್ಲ ಹಿಮ. (ಅವನು ಹೇಳುವ ಪ್ರಕಾರ ಅವನು ನೆಟ್ಟಗೆ ನಿಂತಿರಲಿಲ್ಲ, ಗುಪ್ಪೆಗೆ ಒರಗಿದ್ದ. ಇದ್ದಿರಬಹುದು. ನನಗೆ ನೆಟ್ಟಗೆ ಕಂಡ.)

ಓಡಲು ಆಗಲಿಲ್ಲ, ನಡೆದು ಹೋದೆ. ಭುಜ ಹಿಡಿದು, “ನಡಿ, ನಡಿ ಸೆಲ್ವ, ಇಳಿಯೋಣ” ಎಂದು ಎಳೆದೆ. ಅವನು ಬರಲಿಲ್ಲ. ತುಟಿ ನೀಲಿಯಾಗಿತ್ತು, ಮಾತು ತೊದಲುತ್ತಿತ್ತು.

“ಸಾರ್, ಸೀಟಿ.”

“ಅದೇನೂ ಬೇಡ, ನಡಿ.”

“ಸೀಟಿ ತಗೊಳಿ ಸಾರ್.”

ದಾರ ಹೆಪ್ಪುಗಟ್ಟಿ ತಂತಿಯಂತಾಗಿತ್ತು. ಅವನ ಕೊರಳಿನಿಂದ ಬಿಡಿಸಿ ನನ್ನ ಕೊರಳಿಗೆ ಹಾಕಿಕೊಂಡೆ. ಆಮೇಲೆ ಅವನು ಕಾಲು ಕಿತ್ತ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಿ ನಿಂತಿದ್ದವನು, ನಾಲ್ಕು ಹೆಜ್ಜೆ ನಡೆದು, “ರಹಮತ್ ಭಾಯ್ ಎಲ್ಲಿ?” ಎಂದು ಕೇಳಿದ.

“ಕೆಳಗಿದ್ದಾನೆ. ಸೀಟಿ ಊದಿ ನನ್ನ ಜೀವ ಉಳಿಸಿದೆ ಮಾರಾಯ” ಎಂದೆ.

ಅವನು ನಿಂತು ನನ್ನನ್ನೇ ನೋಡಿದ. “ಎಲ್ಲಿ ಊದಿದೆ ಸಾರ್? ಊದಕ್ಕೆ ಆಗ್ತಾನೇ ಇರ್ಲಿಲ್ಲ. ನೀವು ಹೋಗಿ ಅರ್ಧ ಗಂಟೆಗೇ ಸೀಟಿ ಸತ್ತೋಯ್ತು.”

ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಊದಿದೆ. ಬರೀ ಗಾಳಿ. ಒಳಗಿನ ಸಣ್ಣ ಗುಂಡು ಎಂಜಲಿನ ತೇವಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು.

ಅಷ್ಟರಲ್ಲಿ ಮೋಡ ಮತ್ತೆ ಮುಚ್ಚಿತು. ಆದರೆ ಗುಪ್ಪೆಯಿಂದ ಇಳಿಯುವ ದಾರಿ ಆಗಲೇ ಕಾಲಿಗೆ ಸಿಕ್ಕಿತ್ತು. ಚಾಚುಬಂಡೆಯ ಕೆಳಗೆ, ಅಡಿಕೆ ಒಣಗಿಸಲು ಮಾರುವ ನೀಲಿ ಟಾರ್ಪಾಲಿನ ಒಳಗೆ ಗಿರಿಜಾ ರಹಮತನನ್ನು ಕೂರಿಸಿಕೊಂಡು ಬಿಸಿನೀರು ಕುಡಿಸುತ್ತಿದ್ದರು. ಅಷ್ಟು ಇಳಿದದ್ದಕ್ಕೇ ಅವನ ಮಾತು ಸರಿಯಾಗಿತ್ತು. ಸೆಲ್ವರಾಜನನ್ನು ನೋಡಿ ಅವನು ಹೇಳಿದ ಮೊದಲ ಮಾತು: “ಏಯ್ ಗಧೆ, ಅಲ್ಲೇನು ಪರ್ಮನೆಂಟ್ ಡ್ಯೂಟಿ ಹಾಕಿದ್ರಾ ನಿಂಗೆ?” ಹಾಗೆ ಹೇಳಿ, ಅವನ ಎರಡು ಕೈಯನ್ನೂ ತನ್ನ ಜರ್ಕಿನ್ನಿನ ಒಳಗೆ ಇಟ್ಟುಕೊಂಡು ಅತ್ತ. ಸೆಲ್ವರಾಜನ ಎಡಗೈಯ ಎರಡು ಬೆರಳ ತುದಿ ಇವತ್ತಿಗೂ ಜೋಮು ಹಿಡಿದಂತಿವೆ. ಅದು ಬಿಟ್ಟರೆ ನಾಲ್ವರೂ ಇದ್ದ ಹಾಗೆಯೇ ಭದ್ರಾವತಿಗೆ ಮರಳಿದೆವು.

ಮರಳಿದ ಮೇಲೆ ನಾನು ನಿಯರ್ ಮಿಸ್ ಫಾರ್ಮ್ ತೆಗೆದೆ. ಯಾರೂ ಕೇಳಿರಲಿಲ್ಲ. ಕಾಗದದ ಪ್ರಕಾರ ಕಾರ್ಖಾನೆಗೂ ಅದಕ್ಕೂ ಸಂಬಂಧವೂ ಇರಲಿಲ್ಲ. ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಉಳಿದವರನ್ನು ಹೊರಗೆ ಕಳಿಸಿ, ಹೇಳಿಕೆ ಬರೆದುಕೊಂಡೆ.

ಗಿರಿಜಾ: ರಹಮತನನ್ನು ಕೆಳಗೆ ಇಳಿಸುವಾಗ ಸೀಟಿ ಕೇಳಿಸಿದ್ದು ನಿಜ, ಆದರೆ ಎರಡು ಸಲ, ಗಿಡ್ಡಗೆ. ಸಮಯ ನೋಡಿಲ್ಲ. ರಹಮತ್: ತನಗೆ ಕೇಳಿಸಿದ್ದು ಕಾರ್ಖಾನೆಯ ಪಾಳಿಯ ಸೈರನ್, “ಅದನ್ನ ಬರ್ಕೊಬ್ಯಾಡಿ ಸಾಬ್, ನನ್ ತಲೆ ಠಿಕಾಣೆ ಇರ್ಲಿಲ್ಲ.” ಸೆಲ್ವರಾಜ್: ಮೋಡ ಒಂದು ಸಲ ತೆಳುವಾದಾಗ ಒಂದು ನೆರಳು ಗುಪ್ಪೆಯನ್ನು ದಾಟಿ ಅಂಚಿನ ಕಡೆ ಹೋಗುವುದು ಕಂಡಿತು. ಊದಿದ, ಸದ್ದು ಬರಲಿಲ್ಲ. “ಸಾರ್” ಎಂದು ಕಿರುಚಿದ, ಗಂಟಲೂ ಸರಿಯಾಗಿ ಏಳಲಿಲ್ಲ. ಕೊನೆಗೆ ಕೈ ಎತ್ತಿದ. ಕಾಣದು ಎಂದು ಗೊತ್ತಿದ್ದೂ ಎತ್ತಿದ.

“ಓಡಿ ಬಂದು ಹಿಡ್ಕೋಬಹುದಿತ್ತಲ್ಲ ಸೆಲ್ವ, ನೂರೇ ಹೆಜ್ಜೆ?” ಎಂದು ಕೇಳಿದೆ. ಪ್ರಶ್ನೆ ಕೇಳಿದ ಮೇಲೆ ನಾಚಿಕೆಯಾಯಿತು.

ಅವನು ಚಹಾದ ಲೋಟ ತಿರುಗಿಸುತ್ತಾ ಕುಳಿತ. “ಓಡಬೇಕು ಅನ್ನಿಸ್ತು ಸಾರ್. ಕಾಲು ಬರ್ಲಿಲ್ಲ. ಚಳಿಗೆ ಬರ್ಲಿಲ್ವಾ, ಸೀಟಿ ಇತ್ತು ಅಂತ ಬರ್ಲಿಲ್ವಾ, ದೇವರಾಣೆ ಗೊತ್ತಿಲ್ಲ. ಅದನ್ನ ನೆನಸ್ಕೊಂಡ್ರೆ ನಿದ್ದೆ ಬರಲ್ಲ.”

ಅದನ್ನು ಹಾಗೆಯೇ ಬರೆದುಕೊಂಡೆ. ನನ್ನ ಹೇಳಿಕೆಯಲ್ಲಿ ‘ಒಂದು ಗಂಟೆ ನೋಡು’ ಎಂಬ ಮಾತನ್ನು ಹೊಡೆದು ಹಾಕಿ, ಅವನ ಹೇಳಿಕೆಯನ್ನೇ ಸರಿ ಎಂದು ಇಟ್ಟೆ. ಅನುಮಾನವಿದ್ದಾಗ ಆದೇಶ ಕೊಟ್ಟವನ ನೆನಪಿಗಿಂತ ಆದೇಶ ಪಾಲಿಸಿದವನ ನೆನಪಿಗೆ ಹೆಚ್ಚು ಬೆಲೆ ಕೊಡಬೇಕು ಎಂಬುದು ನಾನೇ ಹಾಕಿಕೊಂಡ ನಿಯಮ.

‘ತಡೆಗಟ್ಟುವ ಕ್ರಮ’ ಎಂಬ ಕಾಲಂನಲ್ಲಿ ಬರೆದದ್ದನ್ನು ಈಗಲೂ ವರ್ಕ್‌ಶಾಪುಗಳಿಗೆ ಹೋಗಿ ಪಾಠ ಮಾಡುವಾಗ ಹೇಳುತ್ತೇನೆ. ಯಾರನ್ನಾದರೂ ಒಂದು ಜಾಗದಲ್ಲಿ ನಿಲ್ಲಿಸುವಾಗ, ಆ ನಿಲ್ಲುವುದು ಯಾವಾಗ ಮುಗಿಯುತ್ತದೆ ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ. ಒಳ್ಳೆಯ ಅಭ್ಯಾಸವನ್ನು ಅದು ಹುಟ್ಟಿದ ಜಾಗದಿಂದ ಹೊರಗೆ ಒಯ್ಯುವ ಮೊದಲು ಯೋಚಿಸಿ. ಸೆಲ್ವರಾಜನನ್ನು ಆ ಚಳಿಯಲ್ಲಿ ಕಟ್ಟಿಹಾಕಿದ್ದೂ ನನ್ನನ್ನು ಅಂಚಿನಲ್ಲಿ ನಿಲ್ಲಿಸಿದ್ದೂ ಒಂದೇ ಅಭ್ಯಾಸ. ಇದನ್ನು ಹೇಳಿದರೆ ಕೇಳುವವರು, “ಹಾಗಾದ್ರೆ ಅಭ್ಯಾಸ ಒಳ್ಳೇದಾ, ಕೆಟ್ಟದ್ದಾ ಸಾರ್?” ಎನ್ನುತ್ತಾರೆ.

ಆ ಎತ್ತರದಲ್ಲಿ ಅಳಿಲಿನ ಜಾತಿಯ, ಬೆಕ್ಕಿನಷ್ಟು ದೊಡ್ಡ ಒಂದು ಪ್ರಾಣಿಯಿದೆ, ಅಪಾಯ ಕಂಡರೆ ಸೀಟಿಯಂತೆ ಕೂಗುತ್ತದೆ ಎಂದು ಆಮೇಲೆ ಓದಿದೆ. ಹಾಗೆಯೇ ಕೂಗುವ ಹಕ್ಕಿಯೂ ಇದೆಯಂತೆ. ನಾವು ಎರಡನ್ನೂ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಚಾರಣದ ಕೋಲಿಗೆ ಎತ್ತರ ಹೊಂದಿಸಲು ಕೊರೆದ ತೂತುಗಳಲ್ಲಿ ಗಾಳಿ ಊದಿರಬಹುದು. ಸೆಲ್ವರಾಜನ ಕಿರುಚಾಟವೇ ನನ್ನ ಕಿವಿಯಲ್ಲಿ ಸೀಟಿಯಾಗಿರಬಹುದು. ಆಮ್ಲಜನಕ ಕಡಿಮೆಯಾದ ಮಿದುಳು ತನಗೆ ಬೇಕಾದದ್ದನ್ನು ತಾನೇ ಕೇಳಿಸಿಕೊಂಡಿರಬಹುದು. ಅಥವಾ ಆ ಗುಂಡು ಒಂದೇ ಒಂದು ಸಲ ಬಿಟ್ಟುಕೊಂಡು ಮತ್ತೆ ಅಂಟಿರಬಹುದು. ಸೀಟಿ ಈಗಲೂ ನನ್ನ ಹತ್ತಿರವಿದೆ. ಒದ್ದೆ ಮಾಡಿ ಮನೆಯ ಫ್ರಿಜ್ಜಿನ ಮಂಜುಪೆಟ್ಟಿಗೆಯಲ್ಲಿಟ್ಟು ಐದು ಸಲ ಪರೀಕ್ಷೆ ಮಾಡಿದೆ. ಮೂರು ಸಲ ಸದ್ದು ಬರಲಿಲ್ಲ, ಎರಡು ಸಲ ಬಂತು.

ಆ ಫಾರ್ಮಿನಲ್ಲಿ ‘ಎಚ್ಚರಿಕೆ ನೀಡಿದವರು’ ಎಂಬ ಒಂದು ಸಾಲಿದೆ. ಇಪ್ಪತ್ತಾರು ವರ್ಷದಲ್ಲಿ ಆ ಸಾಲನ್ನು ಖಾಲಿ ಬಿಟ್ಟು ನಾನು ಯಾವ ಫಾರ್ಮಿಗೂ ಸಹಿ ಹಾಕಿರಲಿಲ್ಲ. ಇದಕ್ಕೆ ಹಾಕಿದೆ. ಅವತ್ತು ಆ ಸೀಟಿ ಊದಿದ್ದು ಯಾರು, ಯಾರಾದರೂ ಊದಿದರೇ ಎಂಬುದು ನನಗೆ ಗೊತ್ತಿಲ್ಲ.